ಲೈಸೆನ್ಸ್ ಹೋದ ಚಾಲಕನಿಗೂ ಒಂದು ಕಾಲಂ ಕೊಡಿ

ಕಾರ್ಮಿಕ ರಾಜ್ಯ ವಿಮಾ ನಿಗಮದ ಆಡಳಿತ ನಡೆಸುವವರಿಗೆ,



ಪ್ರತಿ ತಿಂಗಳು ಮಾಲೀಕರು ನಿಮ್ಮ ಪೋರ್ಟಲ್‌ಗೆ ಇಎಸ್‌ಐ ವಂತಿಗೆಯ ಪಟ್ಟಿ ಏರಿಸುತ್ತಾರೆ. ಒಬ್ಬ ಕೆಲಸಗಾರನ ಹಾಜರಿ ಸೊನ್ನೆಯಾಗಿದ್ದರೆ ಅದರ ಕಾರಣವನ್ನು ಒಂದು ಅಂಕೆಯಲ್ಲಿ ನಮೂದಿಸಬೇಕು. 1 ಎಂದರೆ ರಜೆ, 2 ಎಂದರೆ ಕೆಲಸ ಬಿಟ್ಟಿದ್ದಾನೆ, 3 ನಿವೃತ್ತಿ, 5 ಮರಣ, 9 ಮುಷ್ಕರ ಅಥವಾ ಲಾಕೌಟ್, 10 ಸಿಬ್ಬಂದಿ ಕಡಿತ, 11 ಕೆಲಸವಿಲ್ಲ. ಚಾಲಕನ ಲೈಸೆನ್ಸ್ ಹೋಗಿದೆ ಎನ್ನಲು ಅಲ್ಲಿ ಯಾವ ಅಂಕೆಯೂ ಇಲ್ಲ. ಹೀಗಾಗಿ ಅಂಥವನ ಹೆಸರಿನ ಮುಂದೆ ಸಾಮಾನ್ಯವಾಗಿ 2 ಬೀಳುತ್ತದೆ. ಈ ಪತ್ರ ಆ ಅಂಕೆಯ ಕುರಿತದ್ದು.

ಚಾಲಕರಿಗೆ ಅರ್ಜಿ ಬರೆದುಕೊಡುವುದು ನನ್ನ ಬಹುಕಾಲದ ಕೆಲಸ. ಈಚೆಗೆ ಬಂದವರೊಬ್ಬರು ಪೀಣ್ಯದ ಕಡೆ ಶಿಫ್ಟ್ ಬಸ್ ಓಡಿಸುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹೆವಿ ಲೈಸೆನ್ಸ್ ನವೀಕರಣಕ್ಕೆ ಹೋದಾಗ ವೈದ್ಯರು ವೈದ್ಯಕೀಯ ಪ್ರಮಾಣಪತ್ರದ ನಮೂನೆ 1ಎಗೆ ಸಹಿ ಹಾಕಲಿಲ್ಲ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲಾಗದವರಿಗೆ ಸಹಿ ಹಾಕಬಾರದು ಕೂಡ. ಆ ಬಸ್ಸಿನಲ್ಲಿ ಕೂರುವವರ ಜೀವದ ಪ್ರಶ್ನೆ ಅದು. ಆದರೆ ಆಮೇಲೆ ಆದದ್ದನ್ನು ಕೇಳಿ. ಮ್ಯಾನೇಜರ್ ಕರೆದು, "ಡಿಎಲ್ ಇಲ್ಲ ಅಂದ್ಮೇಲೆ ಗಾಡಿ ಹೆಂಗೆ ಕೊಡೋದು ಅಣ್ಣಾ? ಒಂದು ರಾಜೀನಾಮೆ ಬರ್ಕೊಟ್ಬಿಡಿ, ಸೆಟ್ಲ್‌ಮೆಂಟ್ ಬೇಗ ಮಾಡಿಸ್ತೀನಿ" ಅಂದರಂತೆ. ಇವರು ಬರೆದುಕೊಟ್ಟರು. ನನ್ನ ಮುಂದಿಟ್ಟ ಅದರ ನಕಲಿನಲ್ಲಿ "ವೈಯಕ್ತಿಕ ಕಾರಣಗಳಿಂದ" ಎಂದಿತ್ತು. ಅಕ್ಷರ ಮಾತ್ರ ಇವರದಲ್ಲ, ಕೆಳಗಿನ ಸಹಿ ಇವರದು.

ಕೆಲಸ ಕಳೆದುಕೊಂಡವರಿಗೆ ಪರಿಹಾರ ಕೊಡುವ ನಿಮ್ಮ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಶುರುವಾಗಿ, ಮತ್ತೆ ಮತ್ತೆ ವಿಸ್ತರಣೆ ಪಡೆಯುತ್ತ ಬಂದಿದೆ. ಕೋವಿಡ್ ವರ್ಷವಾದ 2020ರಲ್ಲಿ ಪರಿಹಾರವನ್ನು ದಿನಗೂಲಿಯ ಸರಾಸರಿಯ ಶೇ 25ರಿಂದ ಶೇ 50ಕ್ಕೆ ಏರಿಸಿದಿರಿ. ಕೆಲಸ ಹೋಗಿ 30 ದಿನಕ್ಕೇ ಕೇಳಬಹುದು, ಮಾಲೀಕರ ಮೂಲಕ ಬರಬೇಕಿಲ್ಲ ಎಂದಿರಿ. ಇದಕ್ಕೆ ಕೃತಜ್ಞತೆ ಹೇಳದಿದ್ದರೆ ತಪ್ಪಾಗುತ್ತದೆ. ತಿಂಗಳಿಗೆ 18,000 ರೂಪಾಯಿ ಸಂಬಳದ ಚಾಲಕನಿಗೆ 90 ದಿನಕ್ಕೆ ಸುಮಾರು 27,000 ರೂಪಾಯಿ ಸಿಗುತ್ತದೆ. ಅದೂ ಜೀವಮಾನದಲ್ಲಿ ಒಮ್ಮೆ ಮಾತ್ರ. ಅದೇ ಚಾಲಕನ ಲೆಕ್ಕದಲ್ಲಿ ಪ್ರತಿ ತಿಂಗಳು ಅವನ ಪಾಲಿನ ಶೇ 0.75 ಮತ್ತು ಮಾಲೀಕರ ಶೇ 3.25 ಸೇರಿ 720 ರೂಪಾಯಿ ನಿಮಗೆ ಸಂದಾಯವಾಗಿರುತ್ತದೆ. ಅವನು ಕೇಳುತ್ತಿರುವುದು ದಾನವಲ್ಲ.

ಆದರೆ ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋಗಿರಬಾರದು, ಸ್ವಯಂ ನಿವೃತ್ತಿಯಾಗಿರಬಾರದು ಎಂಬ ಷರತ್ತುಗಳೂ ಇವೆ. ಲೈಸೆನ್ಸ್ ಕಳೆದುಕೊಂಡವನು ಎರಡರಲ್ಲೂ ಸಿಕ್ಕಿಬೀಳುತ್ತಾನೆ. ರಾಜೀನಾಮೆ ಕೊಟ್ಟರೆ ತಾನಾಗಿ ಬಿಟ್ಟವನು. ಕೊಡದೆ ನಿಂತರೆ, ವಜಾ ಪತ್ರದಲ್ಲಿ ಏನು ಬರೆಯುತ್ತಾರೋ ಅದು ಮಾಲೀಕರ ಕೈಯಲ್ಲಿದೆ.

ಇನ್ನೊಂದು ಬಾಗಿಲಿದೆ, 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. 24 ತಿಂಗಳವರೆಗೆ ಭತ್ಯೆ. ಕಾರ್ಖಾನೆ ಮುಚ್ಚಿರಬೇಕು, ಸಿಬ್ಬಂದಿ ಕಡಿತವಾಗಿರಬೇಕು, ಇಲ್ಲವೇ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಕನಿಷ್ಠ ಶೇ 40ರಷ್ಟು ಶಾಶ್ವತ ಊನವಾಗಿರಬೇಕು. ನಮ್ಮಲ್ಲಿ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅದನ್ನು ಅಳೆಯುವುದೇ ಶೇ 30 ಎಂದು. ಒಕ್ಕಣ್ಣಿನವನ ಕೈಗೆ ಐವತ್ತು ಜನರ ಬಸ್ ಕೊಡುವವರು ಯಾರು? ಕೆಲಸದ ಮಟ್ಟಿಗೆ ಅವನ ನಷ್ಟ ಪೂರ್ತಿ, ನಿಮ್ಮ ಪುಸ್ತಕದಲ್ಲಿ ಅದು ಸಾಲದು.

ಸರ್ಕಾರಿ ಸಂಸ್ಥೆಯ ಚಾಲಕನಿಗಾದರೆ ದಾರಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ ಸೇವೆಯಲ್ಲಿದ್ದಾಗ ಊನವಾದವರನ್ನು ಹೊರಹಾಕುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ತೆಲಂಗಾಣದ ಸಾರಿಗೆ ಸಂಸ್ಥೆ ವರ್ಣಾಂಧತೆಯ ಕಾರಣಕ್ಕೆ ಮನೆಗೆ ಕಳಿಸಿದ್ದ ಚಾಲಕರೊಬ್ಬರಿಗೆ ಬದಲಿ ಕೆಲಸ ಕೊಡಬೇಕೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಖಾಸಗಿ ಟ್ರಾವೆಲ್ಸಿನ ಚಾಲಕನದೂ ಅದೇ ಕಣ್ಣು, ಅದೇ ರಸ್ತೆ. ಅವನ ಪಾಲಿಗೆ ಉಳಿದಿರುವುದು ನೀವೊಬ್ಬರೇ.

ತಪ್ಪು ಮಾಡಿ ಲೈಸೆನ್ಸ್ ಕಳೆದುಕೊಂಡವರ ವಿಷಯವನ್ನೂ ಬಿಡುವುದಿಲ್ಲ. ಕುಡಿದು ಓಡಿಸಿದವನ ಪರ ನಾನು ಒಂದಕ್ಷರ ಬರೆಯಲಾರೆ. ಆದರೆ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ, ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಪಟ್ಟಿ ಮಾಡಿದ ತಪ್ಪುಗಳಲ್ಲಿ ಸರಕು ವಾಹನದ ಓವರ್‌ಲೋಡ್ ಕೂಡ ಇದೆ. ಲೋಡು ಎಷ್ಟು ಎಂದು ತೀರ್ಮಾನಿಸುವವನು ಚಾಲಕನೇ? ಕ್ರಷರ್‌ನಲ್ಲಿ ಜಲ್ಲಿ ತುಂಬುವಾಗ "ಸಾಕು" ಅಂದ ಚಾಲಕನಿಗೆ ಮರುದಿನ ಗಾಡಿ ಸಿಗುವುದಿಲ್ಲ. ಬಾಡಿಗೆ ಮಾಲೀಕನಿಗೆ, ಅಮಾನತು ಚಾಲಕನಿಗೆ. ಮೂರು ತಿಂಗಳು ಕಾಯುವ ಮಾಲೀಕನಿಲ್ಲ, ಬೇರೊಬ್ಬ ಸ್ಟೇರಿಂಗ್ ಹಿಡಿದಿರುತ್ತಾನೆ. ಇದು ದುರ್ನಡತೆ ಎನ್ನುವುದಾದರೆ ಯಾರದು? ಒಂದೆರಡು ಲಾರಿ ಇಟ್ಟುಕೊಂಡವರ ಬಳಿ ದುಡಿಯುವವರು ಹತ್ತು ಜನರ ಮಿತಿಯಿಂದಾಗಿ ನಿಮ್ಮ ವ್ಯಾಪ್ತಿಗೇ ಬರುವುದಿಲ್ಲ. ವ್ಯಾಪ್ತಿಯೊಳಗಿರುವವರಿಗಾದರೂ ನ್ಯಾಯವಾಗಲಿ.

ನಾನು ಕೇಳುವುದು ದೊಡ್ಡದೇನಲ್ಲ. ಕಾರಣಗಳ ಪಟ್ಟಿಗೆ "ಲೈಸೆನ್ಸ್ ಅಮಾನತು ಅಥವಾ ನವೀಕರಣವಾಗಿಲ್ಲ" ಎಂಬುದನ್ನು ಸೇರಿಸಿ. ಆರೋಗ್ಯದ ಕಾರಣಕ್ಕೆ ಲೈಸೆನ್ಸ್ ಹೋಗಿ ಕೆಲಸ ಬಿಟ್ಟವನ ರಾಜೀನಾಮೆಯನ್ನು ಸ್ವಯಂ ನಿವೃತ್ತಿ ಎಂದು ಎಣಿಸಬಾರದೆಂದು ಒಂದು ಸುತ್ತೋಲೆ ಹೊರಡಿಸಿ. ಓವರ್‌ಲೋಡ್‌ನಂಥ ಪ್ರಕರಣದಲ್ಲಿ ಚಾಲಕನ ಮಾತನ್ನೂ ಕೇಳಿ ತೀರ್ಮಾನಿಸಿ.

ಪತ್ರ ಬಹಿರಂಗವಾದ್ದರಿಂದ ಚಾಲಕ ಬಂಧುಗಳಿಗೂ ಇಲ್ಲೇ ಹೇಳುತ್ತೇನೆ. ಲೈಸೆನ್ಸ್ ನಿಂತ ದಿನವೇ ರಾಜೀನಾಮೆಗೆ ಸಹಿ ಹಾಕಬೇಡಿ. ಚಿಕಿತ್ಸೆಯಲ್ಲಿದ್ದರೆ, ವಂತಿಗೆಯ ದಿನಗಳು ಭರ್ತಿಯಾಗಿದ್ದರೆ, ಮೊದಲು ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಪಡೆದು ಅನಾರೋಗ್ಯ ಭತ್ಯೆ ಕೇಳಿ. ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ಆರ್‌ಟಿಒ ಲೈಸೆನ್ಸ್ ಅಮಾನತು ಮಾಡಿದರೆ ಆದೇಶದ ಪ್ರತಿ ಕೇಳಿ ಪಡೆಯಿರಿ, 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಕೆಲಸ ಬಿಡಲೇಬೇಕಾಗಿ ಬಂದರೆ ಪತ್ರವನ್ನು ನಿಮ್ಮ ಕೈಯಾರೆ ಬರೆಯಿರಿ. ಅದರಲ್ಲಿ ವೈಯಕ್ತಿಕ ಕಾರಣ ಎನ್ನಬೇಡಿ, ಲೈಸೆನ್ಸ್ ಹೋದದ್ದರಿಂದ ನನಗೆ ಗಾಡಿ ಕೊಡುತ್ತಿಲ್ಲ ಎಂದು ಬರೆದು, ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.

ಇಂತಿ,
ಚಾಲಕರಿಗೆ ಅರ್ಜಿ ಬರೆದುಕೊಡುವವನು