ರೆಸಾರ್ಟೋ, ಹೋಂಸ್ಟೇಯೋ?

ಗೋಣಿಕೊಪ್ಪಲಿನ ದಸರಾ ಹತ್ತಿರ ಬಂತೆಂದರೆ ಬೆಂಗಳೂರಿನ ನೆಂಟರದು ಒಂದೇ ಫೋನು: "ಭಾವ, ರೆಸಾರ್ಟ್ ಒಳ್ಳೇದಾ, ಹೋಂಸ್ಟೇನಾ?" ನಮ್ಮ ಮನೆಗೇ ಬನ್ನಿ ಎನ್ನಲು ಭಯ, ಬಂದೇಬಿಡುತ್ತಾರೆ.

ಬಿಡದಿಯ ವಂಡರ್‌ಲಾದಲ್ಲಾದರೆ ಪಾರ್ಕಿನ ಪಕ್ಕದಲ್ಲೇ ಅವರದೇ ರೆಸಾರ್ಟ್. ನೀರಾಟ ಮುಗಿಸಿ ಒದ್ದೆ ತಲೆಯಲ್ಲೇ ಕೋಣೆ ಸೇರಬಹುದು. ದುಡ್ಡು ಕೊಡುವುದು ಆ ಹತ್ತಿರಕ್ಕೆ. ಇಲ್ಲಿ ಎಲ್ಲಿ ತಂಗಿದರೂ ನಾಗರಹೊಳೆಗೆ, ಇರ್ಪು ಜಲಪಾತಕ್ಕೆ ಗಾಡಿ ಹತ್ತಲೇಬೇಕು. ಇನ್ನು ಈಜುಕೊಳವೋ? ಜುಲೈಯಲ್ಲಿ ಬನ್ನಿ, ಅಂಗಳದಲ್ಲೇ ಈಜಬಹುದು.

ಹೋಂಸ್ಟೇಯಲ್ಲಿ ಬಿಸಿಬಿಸಿ ಕಡಂಬುಟ್ಟು, ಪಂದಿಕರಿ. ಯಜಮಾನರ ಆನೆ ಕಥೆ ಉಚಿತ, ನಿಲ್ಲಿಸುವ ಸ್ವಿಚ್ಚು ಮಾತ್ರ ಇಲ್ಲ. ಕರೆಂಟು ಹೋದರಂತೂ ಆನೆಗಳ ಸಂಖ್ಯೆಯೂ ಏರುತ್ತದೆ.

ನನ್ನ ತೀರ್ಪು: ಮಕ್ಕಳು ನೀರು ಬಿಟ್ಟು ಏಳುವುದಿಲ್ಲವೆಂದರೆ ರೆಸಾರ್ಟ್, ಉಳಿದವರಿಗೆ ಹೋಂಸ್ಟೇ. ನೋಂದಣಿ ಆಗಿದೆಯೇ ಕೇಳಿ, ದಸರಾಕ್ಕಾದರೆ ಮೊದಲೇ ಬುಕ್ ಮಾಡಿ.