‘ನನಗೆ ಬೇಕಿರುವುದು ಕೆಲಸ, ಸಂಬಂಧವಲ್ಲ’: ಬಯೋಡೇಟಾ ಜೊತೆ ಒಂದು ಸಂದರ್ಶನ

ಬೆಂಗಳೂರಿನಲ್ಲಿ ದಿನವೂ ಸಾವಿರಾರು ಸಂದರ್ಶನಗಳಿಗೆ ಹಾಜರಾಗಿಯೂ ಒಮ್ಮೆಯೂ ಮಾತಾಡಲು ಅವಕಾಶ ಸಿಗದ ಜೀವಿ ಬಯೋಡೇಟಾ. ಈಗಷ್ಟೇ ಬಿ.ಇ. ಮುಗಿಸಿದವರ ನಾಲ್ಕು ಪುಟದ ಪ್ರತಿಯೊಂದನ್ನು ಪತ್ರಿಕೆ ಮಾತಿಗೆಳೆಯಿತು.

ನಾಲ್ಕು ಪುಟ ಮೈ ಬೆಳೆಸಿಕೊಂಡಿದ್ದೀರಿ. ಆದರೂ ಎಲ್ಲಿಂದಲೂ ಕರೆ ಇಲ್ಲವಂತೆ?

ಈ ಮೈ ನನ್ನದಲ್ಲ ಸ್ವಾಮಿ, ಯಾರೋ ಸೀನಿಯರ್‌ದು. ಅವರ ಫೈಲಿನಲ್ಲಿ ಹೆಸರು ತಿದ್ದಿ ನನ್ನನ್ನು ಹುಟ್ಟಿಸಿದರು. ಅವಸರದಲ್ಲಿ ತಂದೆಯ ಹೆಸರು ತಿದ್ದುವುದು ಮರೆತುಹೋಯಿತು. ಹೋಗಲಿ ಬಿಡಿ, ಅಪ್ಪ ಯಾರು, ಮದುವೆಯಾಗಿದೆಯೇ, ಧರ್ಮ ಯಾವುದು ಎನ್ನುವುದೆಲ್ಲ ಹೆಣ್ಣು ನೋಡಲು ಬಂದವರಿಗೆ ಬೇಕು. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಅದರಿಂದೇನು? ‘ಸವಾಲಿನ ವಾತಾವರಣದಲ್ಲಿ ಸಂಸ್ಥೆಯೊಡನೆ ಬೆಳೆಯುವ ಉದ್ದೇಶ’ ಎಂಬ ಸಾಲನ್ನು ಸಕ್ಕರೆ ಕಾರ್ಖಾನೆಗೂ ಕಳಿಸಬಹುದು, ಬ್ಯಾಂಕಿಗೂ ಕಳಿಸಬಹುದು. ‘ಶ್ರಮಜೀವಿ, ಪ್ರಾಮಾಣಿಕ’ ಅಂತಲೂ ಇದೆ. ಸೋಮಾರಿ, ಸುಳ್ಳುಗಾರ ಎಂದು ಬರೆದುಕೊಂಡವರನ್ನು ಎಲ್ಲಾದರೂ ಕಂಡಿದ್ದೀರಾ? ಜಾವಾ ಜ್ಞಾನಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಬಿದ್ದಿವೆ. ಕೊಟ್ಟವರೂ ಪಡೆದವರೂ ಒಬ್ಬರೇ. ನನ್ನ ವಾದ ಇಷ್ಟೇ: ‘ಹೌದಾ, ಹೇಗೆ?’ ಎಂದು ಎದುರಿನವರು ಪಟ್ಟು ಹಿಡಿದು ಕೇಳಲಾಗದ ಸಾಲಿಗೆ ನನ್ನಲ್ಲಿ ಜಾಗ ಇರಬಾರದು.

ಹೊಸಬರ ಬಳಿ ಹಾಗೆ ಕೇಳಿಸಿಕೊಳ್ಳುವಂಥದ್ದು ಏನಿರುತ್ತದೆ?

ಇರುತ್ತದೆ, ಅದನ್ನೇ ಬಿಟ್ಟು ಬರೆಯುತ್ತಾರೆ. ನನ್ನ ಯಜಮಾನಿ ಮನೆಯ ಕಿರಾಣಿ ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡಿಕೊಂಡವಳು; ದಾಸ್ತಾನನ್ನು ಎಕ್ಸೆಲ್‌ಗೆ ಇಳಿಸಿ, ಅವಧಿ ಮೀರಿ ಎಸೆಯುತ್ತಿದ್ದ ಸಾಮಾನನ್ನು ಕಡಿಮೆ ಮಾಡಿದವಳು. ‘ಅದೇನು ಅನುಭವವೇ’ ಎಂದು ಅದನ್ನು ಕೈಬಿಟ್ಟು, ‘ಹವ್ಯಾಸ: ಸಂಗೀತ ಕೇಳುವುದು’ ಎಂದು ತುಂಬಿಸಿದಳು. ನಮ್ಮ ವಂಶದ ಹಿರಿಯರಲ್ಲೊಬ್ಬರು ಇಟಲಿಯಲ್ಲಿದ್ದಾರೆ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಬರೆದ ಪತ್ರದ ಕರಡು ಅದು. ಹೊತ್ತೊಯ್ಯಬಲ್ಲ ಹಗುರ ಸೇತುವೆ, ಕಂದಕದ ನೀರು ಬಸಿಯುವ ಉಪಾಯ, ಫಿರಂಗಿ ಎಂದು ಒಂದೊಂದಾಗಿ ಹೇಳಿ, ಚಿತ್ರಕಲೆಯನ್ನು ಕೊನೆಗಿಟ್ಟ. ಯುದ್ಧದ ಚಿಂತೆಯಲ್ಲಿರುವವನಿಗೆ ಮೊದಲು ಯಾವುದು ಬೇಕೆಂದು ಅವನಿಗೆ ತಿಳಿದಿತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ: ಇದರಲ್ಲಿ ಯಾವುದಾದರೂ ಆಗದ ಮಾತೆನಿಸಿದರೆ ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸುತ್ತೇನೆ ಎಂದೂ ಬರೆದ. ನಕ್ಷತ್ರ ಹಾಕಿಕೊಳ್ಳಲಿಲ್ಲ.

ಈಗ ನಿಮ್ಮನ್ನು ಮೊದಲು ಓದುವುದು ತಂತ್ರಾಂಶ. ಜಾಹೀರಾತಿನ ಪದಗಳನ್ನು ತುರುಕಿದರೆ ಸಾಲದೇ?

ಬಳಸಲಿ, ಮಾಡಿದ ಕೆಲಸಕ್ಕೆ ಅಂಟಿಕೊಂಡು ಬಂದರೆ. ಬರೀ ಪದ ತುರುಕಿದರೆ ಜರಡಿ ದಾಟಬಹುದು. ಆಮೇಲೆ ಎದುರು ಕೂತವರ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ದೊಡ್ಡವರಿಗೂ ಇದು ತಪ್ಪಿಲ್ಲ. ಯಾಹೂ ಮುಖ್ಯಸ್ಥರಾಗಿದ್ದ ಸ್ಕಾಟ್ ಥಾಂಪ್ಸನ್ ಅವರ ಪರಿಚಯದಲ್ಲಿ ಅವರು ಪಡೆಯದ ಕಂಪ್ಯೂಟರ್ ಸೈನ್ಸ್ ಪದವಿ ಸೇರಿಕೊಂಡಿದ್ದು ಬಯಲಾಗಿ, 2012ರಲ್ಲಿ ಸೇರಿದ ಕೆಲವೇ ತಿಂಗಳಿಗೆ ಹುದ್ದೆ ಬಿಟ್ಟರು.

ಹಾಗಾದರೆ ನೀವು ಹೇಳಿದಂತೆ ಬರೆದವರಿಗೆ ಕರೆ ಖಂಡಿತ?

ಅಷ್ಟು ದೊಡ್ಡ ಮಾತು ನನ್ನ ಬಾಯಲ್ಲಿ ಬರಲಾರದು. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು. ಮೇಲ್ಜಾತಿ ಹಿಂದೂ ಹೆಸರಿಗೆ ಬಂದಷ್ಟು ಕರೆ ದಲಿತ ಹೆಸರಿಗೆ ಬರಲಿಲ್ಲ. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಆ ಅರ್ಜಿಗಳ ಬರವಣಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದ್ದರಿಂದ ತಿದ್ದಿಕೊಳ್ಳಬೇಕಾದವರು ಬರೆಯುವವರಷ್ಟೇ ಅಲ್ಲ. ಧರ್ಮ, ಅಪ್ಪನ ಹೆಸರು ಕೇಳುವ ಕಂಪನಿಗಳು ಅದನ್ನು ಬಿಡಲಿ, ಮೊದಲ ಸುತ್ತಿನಲ್ಲಿ ಅರ್ಜಿದಾರರ ಹೆಸರನ್ನೂ ಮುಚ್ಚಲಿ. ಎದುರು ಕೂತಾಗ ಗೊತ್ತಾಗಿಯೇ ಆಗುತ್ತದಲ್ಲ ಎನ್ನುತ್ತೀರಿ. ಗೊತ್ತಾಗಲಿ. ಅಷ್ಟರಲ್ಲಿ ಆ ಅಂಗಡಿಯ ದಾಸ್ತಾನಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನೂ ಕೇಳಿಸಿಕೊಂಡಿರುತ್ತಾರೆ. ಬೇಡವೆನ್ನಲು ಒಂದು ಕಾರಣವನ್ನಾದರೂ ಹುಡುಕಬೇಕಾಗುತ್ತದೆ. ಈಗ ಅದೂ ಬೇಕಿಲ್ಲ.