ದಿವಾನರ ಗಡೀಪಾರು

ಮನೆಯ ಹೆಣ್ಣುಮಗಳು ಬಸುರಿಯಾದಳೆಂಬ ವಾರ್ತೆ ಹೊರಬಿದ್ದೊಡನೆ ಬಂಧುವರ್ಗದ ದೃಷ್ಟಿ ಆಕೆಯ ಮೇಲೆ ಬೀಳುವುದಕ್ಕೆ ಮೊದಲು ಆ ಮನೆಯ ಬೆಕ್ಕಿನ ಮೇಲೆ ಬೀಳುತ್ತದೆಂಬುದನ್ನು ಬೆಕ್ಕು ಸಾಕಿದ ಗೃಹಸ್ಥರೆಲ್ಲರೂ ಬಲ್ಲರು. ಅಲ್ಲಿಯವರೆಗೆ ಯಾರ ಗಣನೆಗೂ ಬಾರದೆ, ಅಡಿಗೆಮನೆಯ ಹೊಸ್ತಿಲಿಗೂ ಜಗಲಿಯ ಕಂಬಕ್ಕೂ ನಡುವೆ ತನ್ನ ಪಾಡಿಗೆ ತಾನು ಕಾಲಯಾಪನೆ ಮಾಡಿಕೊಂಡಿದ್ದ ಪ್ರಾಣಿ ಏಕಾಏಕಿ ಆಪಾದಿತನ ಕಟಕಟೆಗೆ ಏರುತ್ತದೆ. ಹೇಳಿಕೆ ಕೊಡಲು ಬಾಯಿಲ್ಲದ ಅದರ ವಿರುದ್ಧ ಸಾಕ್ಷ್ಯ ನುಡಿಯಲು ಬೀದಿಯ ಎರಡು ಸಾಲಿನವರೂ ಸಿದ್ಧರಾಗಿ ಬರುತ್ತಾರೆ. ನಾಯಿಗೆ ಈ ಕಷ್ಟವಿಲ್ಲ. ಹಸುವಿಗಂತೂ ಇಂತಹ ಶುಭಸಂದರ್ಭದಲ್ಲಿ ಪೂಜೆಯೇ ಸಲ್ಲುತ್ತದೆ.

ನಮ್ಮ ಮನೆಯ ಬೆಕ್ಕಿಗೆ ದಿವಾನರೆಂದು ಹೆಸರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಆ ಪದವಿಯ ಮೇಲಿರುವ ಗೌರವವನ್ನು ಕುಂದಿಸುವ ಉದ್ದೇಶದಿಂದ ಇಟ್ಟ ಹೆಸರಲ್ಲ. ನೆತ್ತಿಯ ಮೇಲೆ ಪೇಟ ಸುತ್ತಿದಂತೆ ಹೊಂಬಣ್ಣದ ಮಚ್ಚೆಯನ್ನು ಧರಿಸಿ, ಕರೆದಾಗ ಬಾರದೆ, ಕರೆಯದಿದ್ದಾಗ ಬಂದು, ಯಾರ ಅಹವಾಲಿಗೂ ಒಡನೆಯೇ ಉತ್ತರ ಕೊಡದೆ, ಕುಳಿತಲ್ಲಿಂದಲೇ ಮನೆಯ ಸಮಸ್ತ ವ್ಯವಹಾರಗಳನ್ನೂ ಅರೆಗಣ್ಣಿನಿಂದ ಪರಾಂಬರಿಸುವ ಆ ಜೀವಕ್ಕೆ ಬೇರಾವ ಹೆಸರೂ ಒಪ್ಪುತ್ತಿರಲಿಲ್ಲ. ಮದುವೆಗೆ ಮೊದಲು ಮಗಳು ಚರಂಡಿಯಿಂದ ಎತ್ತಿ ತಂದ ಮರಿ ಅದು. ಗಂಡನ ಮನೆಗೆ ಹೊರಟಾಗ ಅವಳು ನಮಗೆ ಬಿಟ್ಟುಹೋದ ಸ್ಥಿರಾಸ್ತಿಯೆಂದರೆ ದಿವಾನರೊಬ್ಬರೇ. ಬಸುರಿನ ಮೊದಲ ತಿಂಗಳುಗಳ ಓಕರಿಕೆಯನ್ನು ತಾಳಲಾರದೆ, ಸೀಮಂತದವರೆಗೂ ಕಾಯದೆ ಅವಳು ತವರಿಗೆ ಬಂದಾಗ ಬಾಗಿಲಲ್ಲಿ ಮೊದಲು ಎದುರುಗೊಂಡವರೂ ಅವರೇ.

ಆ ಎದುರ್ಗೊಳ್ಳುವಿಕೆಯನ್ನು ನಮ್ಮ ಸೋದರತ್ತೆ ನೋಡಿಬಿಟ್ಟರು. ಈ ಮನೆಯಲ್ಲಿ ಮೂರು ತಲೆಮಾರಿನ ಬಾಣಂತನಗಳನ್ನು ಮಾಡಿಸಿದ ಆಕೆಯ ಮಾತಿಗೆ ನಮ್ಮಲ್ಲಿ ಮೇಲ್ಮನವಿ ಇಲ್ಲ. "ಏನೋ, ಬಸುರಿ ಹೆಂಗಸಿರೋ ಮನೇಲಿ ಈ ಶನಿ ಬೇಕೇನೋ ನಿನಗೆ?" ಎಂದು ಆರಂಭಿಸಿ, ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ಉಬ್ಬಸ ಬರುವುದು ಖಂಡಿತವೆಂದೂ, ಹುಟ್ಟಿದ ಮೇಲೆ ಬೆಕ್ಕು ಮಗುವಿನ ಎದೆಯ ಮೇಲೆ ಕುಳಿತು ಉಸಿರನ್ನೇ ಹೀರುವುದೆಂದೂ, ಇದಾವುದೂ ಆಗದಿದ್ದರೂ ಆಸ್ಪತ್ರೆಗೆ ಹೊರಟ ಗಳಿಗೆಯಲ್ಲಿ ಅಡ್ಡ ಬರುವುದಂತೂ ತಪ್ಪದೆಂದೂ ಆಪಾದನೆಗಳನ್ನು ಸವಿಸ್ತಾರವಾಗಿ ಮಂಡಿಸಿ, ಶಿಕ್ಷೆಯನ್ನೂ ಆಕೆಯೇ ವಿಧಿಸಿದರು: ಗೋಣಿಚೀಲಕ್ಕೆ ತುಂಬಿ, ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿಸಿ ಬಿಟ್ಟು ಬರತಕ್ಕದ್ದು. ನೀರು ದಾಟಿದ ಬೆಕ್ಕು ಮರಳಿ ಬರುವುದಿಲ್ಲವೆಂಬುದು ಆಕೆಯ ಭೂಗೋಳಶಾಸ್ತ್ರ.

ನಾನು ಪ್ರತಿವಾದಿಯ ವಕೀಲನಾಗಿ ನಿಲ್ಲದೆ ಗತ್ಯಂತರವಿರಲಿಲ್ಲ. ಮಗು ಹುಟ್ಟಿದ ಆರನೆಯ ದಿನ ನಾವು ಯಾವ ಷಷ್ಠೀದೇವಿಯನ್ನು ನೆನೆಯುತ್ತೇವೆಯೋ ಆ ಶಿಶುರಕ್ಷಕಿಗೆ ಬಂಗಾಳದಲ್ಲಿ ಬೆಕ್ಕೇ ವಾಹನ. ಅಲ್ಲಿಯ ವ್ರತಕಥೆಯ ಸೊಸೆಯೊಬ್ಬಳು ಅಡಿಗೆಮನೆಯಲ್ಲಿ ಕದ್ದು ತಿಂದು ತಿಂದು, ಅಪವಾದವನ್ನೆಲ್ಲ ಮನೆಯ ಕರಿಬೆಕ್ಕಿನ ಮೇಲೆ ಹೊರಿಸುತ್ತಾಳೆ. ನೊಂದ ಬೆಕ್ಕು ಅವಳಿಗೆ ಹುಟ್ಟಿದ ಮಕ್ಕಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ದೇವಿಯ ಮಡಿಲಿಗೆ ಹಾಕುತ್ತದೆ. ಕಡೆಗೆ ಸೊಸೆ ತಪ್ಪೊಪ್ಪಿಕೊಂಡು, ಬೆಕ್ಕಿಗೂ ದೇವಿಗೂ ಕೈಮುಗಿದ ಮೇಲೆಯೇ ಮಕ್ಕಳು ಹಿಂದಿರುಗಿದುದು. ಇದನ್ನು ನಾನು ಸಾಧ್ಯವಾದಷ್ಟು ಭಕ್ತಿಯಿಂದ ನಿರೂಪಿಸಿದೆ. ಪಕ್ಕದ ಮನೆಯ ಅಯ್ಯಂಗಾರರು, ತೆಂಗಲೆಯವರಾದುದರಿಂದ, ತಾಯಿಬೆಕ್ಕು ಮರಿಯನ್ನು ಕಚ್ಚಿ ಕೊಂಡೊಯ್ಯುವಂದದಲ್ಲಿಯೇ ಭಗವಂತನು ಶರಣಾಗತನನ್ನು ತಾನಾಗಿಯೇ ಎತ್ತಿಕೊಳ್ಳುತ್ತಾನೆಂಬ ಮಾರ್ಜಾಲಕಿಶೋರ ನ್ಯಾಯವನ್ನು ಕಾಂಪೌಂಡಿನ ಮೇಲಿನಿಂದಲೇ ಉದ್ಧರಿಸಿ ನನ್ನ ಕೈ ಬಲಪಡಿಸಿದರು. ಅತ್ತೆ ಎರಡನ್ನೂ ಸಾವಧಾನವಾಗಿ ಆಲಿಸಿ, "ಅದು ಬಂಗಾಳದ ಬೆಕ್ಕು. ಇವರು ಹೇಳ್ತಿರೋದು ವೇದಾಂತದ ಬೆಕ್ಕು. ಇದು ಹಾಲು ಕದಿಯೋ ಬೆಕ್ಕು," ಎಂದು ವಾದವನ್ನು ಮುಗಿಸಿದರು.

ಪ್ರಕರಣವು ಕೊನೆಗೆ ಪ್ರಸೂತಿ ವೈದ್ಯೆಯ ಸನ್ನಿಧಿಗೆ ಹೋಯಿತು. ಬೆಕ್ಕಿನ ಹೆಸರೆತ್ತಿದೊಡನೆ ಆಕೆ ಬೆಚ್ಚಿಬೀಳುವರೆಂದು ಅತ್ತೆಯೂ, ನಕ್ಕುಬಿಡುವರೆಂದು ನಾನೂ ನಿರೀಕ್ಷಿಸಿದ್ದೆವು, ಆಕೆ ಎರಡನ್ನೂ ಮಾಡದೆ, ಮಗಳ ಕಡೆ ತಿರುಗಿ, "ಬೆಕ್ಕಿನ ಕಕ್ಕಸಿನ ಮರಳು ಯಾರು ತೆಗೀತಾರಮ್ಮ?" ಎಂದು ಕೇಳಿದರು. ಬಳಿಕ, ಮಾಂಸ ತಿನ್ನುವ ಅಭ್ಯಾಸವುಂಟೆ, ಉಂಟಾದರೆ ಚೆನ್ನಾಗಿ ಬೇಯಿಸುತ್ತೀರಾ ಎಂದರು. ನಾವು ಶಾಕಾಹಾರಿಗಳೆಂದು ಅತ್ತೆ ಸಗರ್ವವಾಗಿ ಉತ್ತರಿಸಲು, "ಹಾಗಾದರೆ ಕೋಸಂಬರಿಗೆ ಹಾಕೋ ಕೊತ್ತಂಬರಿ ಸೊಪ್ಪನ್ನ ಎಷ್ಟು ಸಲ ತೊಳೀತೀರಿ?" ಎಂದರು. ಅತ್ತೆಯನ್ನು ಈ ಬಗೆಯ ಪ್ರಶ್ನೆ ಕೇಳಿದ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಮೂರು ಪ್ರಶ್ನೆಗಳ ಹಿಂದಿರುವ ಖಳನ ಹೆಸರು ಟಾಕ್ಸೋಪ್ಲಾಸ್ಮಾ. ಬರಿಗಣ್ಣಿಗೆ ಕಾಣದ ಈ ಪರೋಪಜೀವಿಯನ್ನು 1908ರಲ್ಲಿ ಟ್ಯೂನಿಸ್ ನಗರದ ಪಾಸ್ಚರ್ ಸಂಸ್ಥೆಯಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬ ವಿದ್ವಾಂಸರು ಗುಂಡಿ ಎಂಬ ಹೆಸರಿನ, ಉತ್ತರ ಆಫ್ರಿಕದ ಬೆಟ್ಟಗಳಲ್ಲಿ ವಾಸಿಸುವ ಮೂಷಕವೊಂದರಲ್ಲಿ ಕಂಡರು; ಅದೇ ವರ್ಷ ಸಮುದ್ರದಾಚೆಯ ಬ್ರೆಜಿಲಿನಲ್ಲಿ ಸ್ಪ್ಲೆಂಡೋರೆ ಎಂಬಾತ ಮೊಲವೊಂದರಲ್ಲಿ ಕಂಡ. ಇಲಿಯ ಜಾತಿಯೂ ಮೊಲವೂ ಸಿಕ್ಕಿಬಿದ್ದ ಮೇಲೂ ಬೆಕ್ಕಿನ ಪಾತ್ರ ಬೆಳಕಿಗೆ ಬರಲು ಹೆಚ್ಚುಕಡಿಮೆ ಅರುವತ್ತು ವರ್ಷ ಹಿಡಿದು, 1970ರ ಸುಮಾರಿಗೆ ಅದು ನಿಶ್ಚಯವಾಯಿತು. ವಿಜ್ಞಾನಿಗಳು ಅಷ್ಟು ಕಾಲ ತೆಗೆದುಕೊಂಡುದನ್ನು ಕೇಳಿ ಅತ್ತೆ, ತನ್ನನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆನೆಂದು ಹೇಳಿದರು.

ಆದರೆ ಬೆಕ್ಕಿನ ಅಪರಾಧದ ಸ್ವರೂಪವನ್ನು ವಿಚಾರಿಸಿ ನೋಡಿದರೆ ಅದು ಅತ್ತೆಯ ದೋಷಾರೋಪಣ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಸೋಂಕು ತಗುಲಿದ ಇಲಿಯನ್ನೋ ಹಕ್ಕಿಯನ್ನೋ ಹಸಿಮಾಂಸವನ್ನೋ ತಿಂದ ಬೆಕ್ಕು, ಸಾಮಾನ್ಯವಾಗಿ ಜೀವಮಾನದಲ್ಲಿ ಒಂದಾವೃತ್ತಿ, ಒಂದರಿಂದ ಮೂರು ವಾರಗಳ ಕಾಲ ತನ್ನ ಮಲದಲ್ಲಿ ಆ ಜೀವಿಯ ಸೂಕ್ಷ್ಮ ಅಂಡಗಳನ್ನು ವಿಸರ್ಜಿಸುತ್ತದೆ. ಅವು ಬಿದ್ದ ಕೂಡಲೆ ಯಾರಿಗೂ ಅಂಟುವುದಿಲ್ಲ. ಪಕ್ವವಾಗಲು ಒಂದರಿಂದ ಐದು ದಿನ ಬೇಕು. ಪಕ್ವವಾದುವೋ, ತೇವವಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ತೋಟದ ಸೊಪ್ಪಿಗೂ ಕೈಯ ಉಗುರಿಗೂ ಹತ್ತಿ ಬಾಯಿಗೆ ಸೇರುತ್ತವೆ. ಕುರಿ ಮೇಕೆಗಳ ಮೈಯಲ್ಲಿ ಸೇರಿಕೊಂಡುವು ಅರೆಬೆಂದ ಮಾಂಸದ ಮೂಲಕ ಬರುತ್ತವೆ, ಒಳಗಿನವರೆಗೂ 67 ಡಿಗ್ರಿ ಸೆಲ್ಷಿಯಸ್ ದಾಟುವಂತೆ ಬೇಯಿಸಿದರೆ ಬರುವುದಿಲ್ಲ. ಬೆಕ್ಕನ್ನು ಮುಟ್ಟಿದ್ದರಿಂದ, ಮಡಿಲಲ್ಲಿ ಮಲಗಿಸಿಕೊಂಡುದರಿಂದ, ಅದರ ಕೂದಲು ಸೀರೆಗೆ ಹತ್ತಿದುದರಿಂದ ಈ ಸೋಂಕು ಬರುವ ಸಂಭವ ಅತ್ಯಲ್ಪ. ಹಿಂದೆಂದೋ ಅದು ಬಂದು ಹೋಗಿದ್ದ ಹೆಂಗಸಿನ ರಕ್ತದಲ್ಲಿ ಪ್ರತಿರೋಧ ನಿಂತಿದ್ದು, ಸಾಮಾನ್ಯವಾಗಿ ಗರ್ಭಕ್ಕೆ ಭಯವಿರುವುದಿಲ್ಲ. ಭಯವಿರುವುದು ಬಸುರಿನಲ್ಲಿ ಹೊಸದಾಗಿ ತಗುಲಿದರೆ. ಮೊದಲ ತಿಂಗಳುಗಳಲ್ಲಿ ಅದು ಗರ್ಭಕ್ಕೆ ದಾಟುವುದು ಕಡಿಮೆ, ದಾಟಿದರೆ ಹಾನಿ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಇದಕ್ಕೆ ವಿಪರ್ಯಯ. ರಕ್ತಪರೀಕ್ಷೆಯಿಂದ ತಿಳಿಯಬಹುದು, ಔಷಧವೂ ಉಂಟು, ಎರಡನ್ನೂ ನಿಶ್ಚಯಿಸತಕ್ಕವರು ವೈದ್ಯರು.

ಇಷ್ಟಾದ ಮೇಲೆ ವೈದ್ಯೆ, ಮಣ್ಣು ತಿನ್ನುವ ಬಯಕೆ ಏನಾದರೂ ಉಂಟೆ ಎಂದು ಮೆಲ್ಲಗೆ ಕೇಳಲು, ಹೊಸಮಳೆಗೆ ನೆನೆದ ನೆಲದ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆಂದು ಮಗಳು ಒಪ್ಪಿಕೊಂಡಳು. ನನಗಾದರೋ ಒಡನೆಯೇ ರಘುವಂಶದ ಸುದಕ್ಷಿಣೆಯ ಜ್ಞಾಪಕವಾಯಿತು. ಮಣ್ಣಿನ ಕಂಪಿದ್ದ ಆ ಗರ್ಭಿಣಿಯ ಮುಖವನ್ನು ಎಷ್ಟು ಆಘ್ರಾಣಿಸಿದರೂ ದಿಲೀಪನಿಗೆ ತೃಪ್ತಿಯಾಗಲಿಲ್ಲವೆಂದೂ, ಮುಂದೆ ಭೂಮಿಯನ್ನೇ ಭೋಗಿಸಲಿರುವ ಮಗ ಹೊಟ್ಟೆಯಲ್ಲಿದ್ದುದರಿಂದ ಆಕೆ ಮೃತ್ತಿಕೆಯನ್ನು ಬಯಸಿದಳೆಂದೂ ಕಾಳಿದಾಸನು ವರ್ಣಿಸುತ್ತಾನೆ. ವಸಿಷ್ಠರ ಆಶ್ರಮದಲ್ಲಿ ಇದ್ದುದು ನಂದಿನಿಯೆಂಬ ಹಸು; ಬೆಕ್ಕೊಂದು ಇದ್ದಿದ್ದರೆ ಕವಿಯ ಕಲ್ಪನೆ ಎತ್ತ ಹೋಗುತ್ತಿತ್ತೋ ಹೇಳಲಾಗದು. ವೈದ್ಯೆಗೆ ಕಾವ್ಯದಲ್ಲಿ ಆಸಕ್ತಿಯಿದ್ದಂತೆ ಕಾಣಲಿಲ್ಲ. ಮಣ್ಣು ಕೂಡದು, ಹೂಗಿಡಗಳ ಪಾತಿ ಮಾಡುವುದಾದರೆ ಕೈಗವಸಿರಲಿ, ಬೆಕ್ಕಿನ ಮರಳನ್ನು ದಿನವೂ ತಪ್ಪದೆ ತೆಗೆಯಬೇಕು, ಬಸುರಿ ತೆಗೆಯಕೂಡದು, "ಮನೇಲಿ ಗಂಡಸರು ಇದ್ದಾರಲ್ಲ?" ಎಂದು ಬರೆದುಕೊಟ್ಟ ಚೀಟಿಯನ್ನು ನನ್ನ ಕೈಗಿತ್ತರು.

ಪ್ರಕರಣದ ಅಂತರಂಗವು ನನಗೆ ಹೊಳೆದುದು ಆಗ. ಅದುವರೆಗೆ ದಿವಾನರ ಪರವಾಗಿದ್ದ ಅಳಿಯಂದಿರು, ಶನಿವಾರ ಬೆಂಗಳೂರಿನಿಂದ ಬಂದು ಚೀಟಿಯನ್ನು ಓದಿದವರೇ, ಹಿರಿಯರ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು, ನಂಜನಗೂಡು ಅಷ್ಟೇನೂ ದೂರವಲ್ಲ ಎಂದರು. ನನ್ನ ಮಗನಿಗೂ ಅದೇ ವೇಳೆಗೆ ತಂಗಿಯ ಆರೋಗ್ಯದ ಬಗ್ಗೆ ಹಿಂದೆಂದೂ ಇಲ್ಲದ ಕಾತರ ಉಂಟಾಯಿತು. ಬಸುರಿಯ ಹಿತಕ್ಕಾಗಿ ಬೆಕ್ಕನ್ನು ಮನೆಯಿಂದ ಓಡಿಸಬೇಕೆಂದು ವಾದಿಸುವ ಗಂಡಸರಲ್ಲಿ ನೂರಕ್ಕೆ ತೊಂಬತ್ತು ಮಂದಿ ವಾಸ್ತವವಾಗಿ ಓಡಿಸಬೇಕೆಂದಿರುವುದು ಆ ಮರಳಿನ ತಟ್ಟೆಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂಬತ್ತು ತಿಂಗಳ ಭಾರವನ್ನೂ ಹೆರಿಗೆಯ ನೋವನ್ನೂ ಹೆಣ್ಣಿಗೆ ವಹಿಸಿದ ಸೃಷ್ಟಿಯು ಗಂಡಿಗೆಂದು ಹುಡುಕಿ ಹುಡುಕಿ ತೆಗೆದಿಟ್ಟ ಕೆಲಸ ಇದೊಂದು; ಅದನ್ನೂ ತಪ್ಪಿಸಿಕೊಳ್ಳಲು ನಾವು ಕಪಿಲೆಯವರೆಗೆ ಹೋಗಲು ಸಿದ್ಧರು. ಅತ್ತೆ ಮಡಿ, ನನ್ನಾಕೆ ಅಡಿಗೆ, ಅಳಿಯಂದಿರು ಬೆಂಗಳೂರು, ಮಗನಿಗೆ ಪರೀಕ್ಷೆ. ಉಳಿದವನು ವಿಶ್ರಾಂತಿವೇತನ ಪಡೆಯುತ್ತಿದ್ದ ನಾನು.

ಬಚ್ಚಲಿನ ಮಗ್ಗುಲಲ್ಲಿ, ಅಂಚು ಚಕ್ಕೆಯೆದ್ದ ಹಳೆಯ ಎನಾಮಲ್ ಬೋಗುಣಿಯಲ್ಲಿ ಆ ಮರಳು. ಬೆಳಗಿನ ಕಾಫಿಗೆ ಮುನ್ನ ಕೈಗವಸು ತೊಟ್ಟು, ಗಟ್ಟಿಕಟ್ಟಿದ್ದನ್ನು ಚಿಕ್ಕ ಸಲಿಕೆಯಿಂದ ಮೊಗೆದು, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಕಸಕ್ಕೆ ಹಾಕಿ, ಆಗಾಗ ಬೋಗುಣಿಯನ್ನು ಕುದಿಯುವ ನೀರಿನಿಂದ ತೊಳೆದು, ಹೊಸ ಮರಳನ್ನು ಹರಡಿ, ಸೋಪಿನಿಂದ ಮೊಣಕೈವರೆಗೆ ಕೈತೊಳೆಯುವಷ್ಟು ಹೊತ್ತೂ ದಿವಾನರು ಮೂರು ಮಾರು ದೂರದಲ್ಲಿ ಕುಳಿತು ಮೇಲ್ವಿಚಾರಣೆ ನಡೆಸುವರು. ಕೆಲಸ ಮುಗಿದ ಕ್ಷಣವೇ, ನಾನು ಟವಲಿಗೆ ಕೈ ಒರಸುತ್ತಿರುವಾಗಲೇ, ಗಂಭೀರವಾಗಿ ನಡೆದು ಬಂದು ಬೋಗುಣಿಯೊಳಗೆ ಇಳಿದು ನನ್ನ ಮುಖವನ್ನೇ ದಿಟ್ಟಿಸುತ್ತ ಪ್ರಾರಂಭೋತ್ಸವವನ್ನು ನೆರವೇರಿಸುವರು.

ದಿವಾನರಿಗೂ ನಿರ್ಬಂಧಗಳು ಬಂದುವು. ಮನೆಯಿಂದ ಹೊರಗೆ ಹೋಗುವಂತಿಲ್ಲ. ಆದಕಾರಣ ಹಿತ್ತಿಲಿನ ಇಲಿಗಳಿಗೆ ಸಾರ್ವತ್ರಿಕ ಕ್ಷಮಾದಾನ ಲಭಿಸಿತು. ಮೊಸರನ್ನವೊಂದರಿಂದಲೇ ಬೆಕ್ಕು ಬದುಕಲಾರದು, ಹಸಿಮಾಂಸವಂತೂ ಸಲ್ಲದೆಂದು ಪಶುವೈದ್ಯರು ಹೇಳಿದ್ದರಿಂದ ಪೊಟ್ಟಣದ ಒಣ ಆಹಾರ ಬಂದಿತು. ಜಂತುಹುಳುವಿನ ಔಷಧವೂ, ರೇಬೀಸ್ ಲಸಿಕೆಯೂ ಆದುವು. ಪರಚಿದರೆ ಅರಿಸಿನ ಮೆತ್ತಿ ಸುಮ್ಮನಿರತಕ್ಕದ್ದಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಡಾಕ್ಟರನ್ನು ಕಾಣತಕ್ಕದ್ದು, ಬಸುರಿಗೂ ರೇಬೀಸ್ ಚುಚ್ಚುಮದ್ದಿಗೆ ಅಡ್ಡಿಯಿಲ್ಲ.

ಶಿಶುವಿನ ವಿಷಯದಲ್ಲಿ ಮಾತ್ರ ಅತ್ತೆಯ ತೀರ್ಪು ಸರಿ, ಕಾರಣ ತಪ್ಪು. ಬೆಕ್ಕು ಉಸಿರು ಹೀರುವುದಿಲ್ಲ. ಆದರೆ ಬೆಚ್ಚಗಿರುವ ಎಡೆಯನ್ನು ಅರಸುವ ಅದಕ್ಕೆ ಎಣ್ಣೆನೀರು ಹಾಕಿಸಿಕೊಂಡು ಮಲಗಿದ ಮಗುವಿನ ಮಗ್ಗುಲಿಗಿಂತ ಬೆಚ್ಚನೆಯ ಎಡೆ ಮನೆಯಲ್ಲಿ ಬೇರಿಲ್ಲ, ಮುಖಕ್ಕೆ ಒತ್ತಿ ಮಲಗಿದರೆ ಅದನ್ನು ತಳ್ಳುವ ಶಕ್ತಿಯಾಗಲಿ ತಲೆ ಹೊರಳಿಸುವ ಶಕ್ತಿಯಾಗಲಿ ಎಳೆಗೂಸಿಗಿಲ್ಲ. ಆದುದರಿಂದ ಬಾಣಂತಿಕೋಣೆಗೆ ಅಗುಳಿ, ತೊಟ್ಟಿಲಿಗೆ ಬಿಗಿಯಾದ ಸೊಳ್ಳೆಪರದೆ, ಯಾರೂ ಇಲ್ಲದಾಗ ಇಬ್ಬರನ್ನೂ ಒಂದೆಡೆ ಬಿಡಕೂಡದೆಂಬ ಶಾಸನ. ತೊಟ್ಟಿಲನ್ನು ಹೆರಿಗೆಗೆ ಕೆಲವು ವಾರ ಮುಂಚಿತವಾಗಿಯೇ ತೂಗುಹಾಕಿ, ಅದು ತನ್ನದಲ್ಲವೆಂಬುದನ್ನು ಬೆಕ್ಕಿಗೆ ಮನಗಾಣಿಸಬೇಕಂತೆ. ನಾವೂ ತೂಗುಹಾಕಿದೆವು. ಮಡಿಸಿಟ್ಟ ಹಳೆಯ ಪಂಚೆಯ ತುಂಡುಗಳ ಮೇಲೆ ಅಂದೇ ಮಧ್ಯಾಹ್ನ ದಿವಾನರು ಪವಡಿಸಿದ್ದರು. ಎತ್ತಿ ಕೆಳಗಿಳಿಸುವುದು, ಅವರು ಏರುವುದು, ಹೀಗೆ ಬಹುಕಾಲ ನಡೆದು ಕಡೆಗೆ ಅಗುಳಿಯೇ ಗೆದ್ದಿತು.

ಮಗುವಿನ ಅಳುವಿಗೂ ಬೆಕ್ಕನ್ನು ಮೊದಲೇ ಅಭ್ಯಾಸ ಮಾಡಿಸುವುದು ಲೇಸೆಂದು ಎಲ್ಲಿಯೋ ಓದಿದ ಅಳಿಯಂದಿರು ನವಜಾತ ಶಿಶುವಿನ ರೋದನವನ್ನು ಮೊಬೈಲಿಗೆ ಕಳುಹಿಸಿಕೊಟ್ಟರು. ದಿನವೂ ಅದನ್ನು ಸ್ವಲ್ಪ ಸ್ವಲ್ಪವಾಗಿ ಧ್ವನಿಯೇರಿಸಿ ಕೇಳಿಸುವುದು ನನ್ನ ಪಾಲಿಗೆ ಬಂತು. ದಿವಾನರು ಕಿವಿಯನ್ನೂ ಆಡಿಸದೆ ನಿದ್ರಿಸಿದರು. ಅಯ್ಯಂಗಾರರು ಮಾತ್ರ ಧಾವಿಸಿ ಬಂದು, ಹೆರಿಗೆ ಇಷ್ಟು ಬೇಗ ಮನೆಯಲ್ಲಿಯೇ ಆಯಿತೆ, ಗಂಡೋ ಹೆಣ್ಣೋ ಎಂದು ವಿಚಾರಿಸಿದರು.

ಹೆಣ್ಣು ಹುಟ್ಟಿತು. ಮಗುವಿಗೆ ಸುತ್ತಿದ ಬಟ್ಟೆಯೊಂದನ್ನು ಆಸ್ಪತ್ರೆಯಿಂದ ಮುಂದಾಗಿ ತಂದು ದಿವಾನರ ಮುಂದಿಟ್ಟೆವು. ಮೂಸಿದರು, ಸೀನಿದರು, ಅದರ ಮೇಲೆಯೇ ಕುಳಿತರು. ಬಾಗಿಲಲ್ಲಿ ಆರತಿ ಎತ್ತುವ ವೇಳೆಗೆ ನಿಜವಾದ ಅಳು ಕೇಳಿದಾಗ ಬಾಲವನ್ನು ಮೂರರಷ್ಟು ಊದಿಸಿಕೊಂಡು ಆರತಿತಟ್ಟೆಯ ಅಡಿಯಿಂದಲೇ ಅಡ್ಡ ಹಾದು ಅಟ್ಟ ಸೇರಿದರು. "ನಾನು ಹೇಳಲಿಲ್ಲವೇನೋ!" ಎಂದರು ಅತ್ತೆ. ಈಗ ಮಗು ನಿದ್ರಿಸುವಾಗ ಮಗಳು ಹೊರಗೆ ಬಂದು ಸ್ವಲ್ಪ ಹೊತ್ತು ಅವರ ತಲೆ ನೇವರಿಸಿ, ಕೈತೊಳೆದು ಒಳಗೆ ಹೋಗುತ್ತಾಳೆ. ದಿವಾನರ ಉಗುರು ಕತ್ತರಿಸುವ ಕೆಲಸ ನನ್ನದು.

ಮನೆಯಲ್ಲಿ ಬಸುರಿಯೂ ಬೆಕ್ಕೂ ಏಕಕಾಲದಲ್ಲಿರುವ ಗೃಹಸ್ಥರಲ್ಲಿ ನನ್ನ ಅರಿಕೆಯಿಷ್ಟೆ: ಗೋಣಿಚೀಲವನ್ನು ಹುಡುಕುವುದಕ್ಕೆ ಮುನ್ನ ಸಲಿಕೆಯನ್ನು ನೀವೇ ಕೈಗೆ ತೆಗೆದುಕೊಳ್ಳಿ, ದಿನವೂ, ಒಂದು ಹಬ್ಬವನ್ನೂ ಬಿಡದೆ. ಹೆರಿಗೆಯಾದ ಮೇಲೆ ಅದನ್ನು ಇನ್ನಾರಿಗಾದರೂ ವಹಿಸಿಕೊಡಬಹುದೆಂಬ ಆಶೆಯಿದ್ದರೆ ಈಗಲೇ ಬಿಟ್ಟುಬಿಡಿ. ಆ ಅಧಿಕಾರವನ್ನು ಸ್ವೀಕರಿಸಲು ಯಾರೂ ಮುಂದೆ ಬರುವುದಿಲ್ಲ.